ರಾಗಿ ತೆನೆ ಮುಷ್ಟಿ ಬಿಗಿದದ್ದು

ಭೂಮಿ ಇನ್ನೂ ಹೊಸದು, ಬೆಟ್ಟಗಳಿಗೂ ಹೊಳೆಗಳಿಗೂ ಯಾರೂ ಹೆಸರಿಟ್ಟಿರದ ಕಾಲ ಮಗಾ ಅದು. ಆಗ ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ರಾಗಿಯೂ ಮಾತಾಡುತ್ತಿತ್ತು.

ಆಗಿನ ರಾಗಿ ತೆನೆ ಬಿಚ್ಚಿದ ಅಂಗೈಯ ಹಾಗಿತ್ತು. ಹಸಿದವರು ಬಂದು ಸೆರಗು ಒಡ್ಡಿದರೆ ಸಾಕು, "ತಗೋ" ಅನ್ನುತ್ತಿತ್ತು. ಕಾಳು ತಾನಾಗಿ ಉದುರುತ್ತಿತ್ತು. ಗುಬ್ಬಿ ಬಂದರೂ "ತಗೋ", ಇಲಿ ಬಂದರೂ "ತಗೋ".

ಒಂದು ವರ್ಷ ಹೊಳೆ ಉಕ್ಕಿ ತಗ್ಗಿನ ಹೊಲಗಳನ್ನೆಲ್ಲ ನುಂಗಿತು. ದಿಬ್ಬದ ಮೇಲಿನ ರಾಗಿ ಮಾತ್ರ ಉಳಿಯಿತು. ಊರಿನ ಯಜಮಾನ ದ್ಯಾವಣ್ಣ ದಿಬ್ಬಕ್ಕೆ ಮುಳ್ಳಿನ ಬೇಲಿ ಹಾಕಿಸಿದ. "ಎಲ್ಲರೂ ನುಗ್ಗಿದರೆ ಯಾರಿಗೂ ಸಿಗಲ್ಲ. ನಾನೇ ಹಂಚ್ತೀನಿ," ಅಂದ. ಜನ ಕೈಮುಗಿದರು.

ದ್ಯಾವಣ್ಣ ಹಂಚಿದ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಬಂದವರು ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು. ಅವನು ಹೊಟ್ಟೆ ನೋಡಿ, ಕಣ್ಣು ನೋಡಿ, ಹಸಿವು ನಿಜ ಎಂದು ಒಪ್ಪಬೇಕು. ಬಂದವರು ಅವನನ್ನು ಹೊಗಳಬೇಕು. ಆಮೇಲೆ ಒಂದು ಹಿಡಿ. ಅದರಲ್ಲಿ ಅರ್ಧ ದೂಳು.

ಸಾಲಿನಲ್ಲಿ ಈರಕ್ಕ ಎಂಬ ಹೆಂಗಸು ಕೈಗೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಅಣ್ಣಾ, ಇನ್ನೊಂದು ಹಿಡಿ ಹಾಕು. ದೊಡ್ಡ ಮಗಳು ಸಣ್ಣಿ ಮನೇಲಿ ಮಲಗವ್ಳೆ, ಏಳಕ್ಕಾಗ್ತಿಲ್ಲ."

"ಅವಳನ್ನೂ ಕರ್ಕೊಂಡು ಬಾ. ಕಣ್ಣಿಗೆ ಕಾಣದ ಹೊಟ್ಟೆಗೆ ನಾನು ಕೊಡಲ್ಲ."

"ನಡೆಯೋ ಹಂಗಿದ್ರೆ ಕರ್ಕೊಂಡು ಬರ್ತಿರಲಿಲ್ವಾ?"

"ಎಲ್ಲರೂ ಹಿಂಗೇ ಹೇಳ್ತಾರೆ ಕಣಮ್ಮ."

ಬೇಲಿಯೊಳಗಿನ ರಾಗಿ ಇದನ್ನು ಕೇಳಿಸಿಕೊಂಡಿತು. "ಗಾಳಿಯಣ್ಣಾ, ಒಂದು ಸಲ ಜೋರಾಗಿ ಬೀಸು. ನನ್ನ ಕಾಳು ಬೇಲಿಯಾಚೆ ಬೀಳಲಿ," ಅಂತ ಬೇಡಿತು. ಗಾಳಿ ಬೀಸಿತು. ಕಾಳು ಬೇಲಿ ದಾಟಿ ಬಿತ್ತು. ದ್ಯಾವಣ್ಣನ ಆಳುಗಳು ಓಡಿಬಂದು, ಒಂದು ಕಾಳೂ ಬಿಡದೆ ಗುಡಿಸಿ ಒಳಕ್ಕೆ ಒಯ್ದರು. "ಇದೂ ಹಂಚೋದಕ್ಕೇ," ಅಂದರು.

ಈರಕ್ಕ ಮನೆಗೆ ಓಡಿದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಸಣ್ಣಿಯನ್ನು ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತಿ ಬಂದಳು. ಅಷ್ಟರಲ್ಲಿ ಬೇಲಿಯ ಬಾಗಿಲು ಮುಚ್ಚಿತ್ತು.

"ಯಜಮಾನರು ಊಟಕ್ಕೆ ಕೂತವ್ರೆ. ಕಾಯಬೇಕು," ಅಂದ ಕಾವಲಿನವನು.

ಅವಳು ಕಾದಳು. ದ್ಯಾವಣ್ಣ ಕೈ ಒರೆಸಿಕೊಳ್ಳುತ್ತ ಬಂದಾಗ ಸಣ್ಣಿಯ ಮೈ ತಣ್ಣಗಾಗಿತ್ತು. ಅವನು ಹುಡುಗಿಯ ಹೊಟ್ಟೆ ನೋಡಿದ, ಕಣ್ಣು ನೋಡಿದ.

"ಇವಳಿಗೆ ಇನ್ನು ಬೇಡ. ಮುಂದಿನವರು ಬನ್ನಿ."

ಈರಕ್ಕ ಅಳಲಿಲ್ಲ. ಅಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ ಮಗಾ.

ರಾಗಿಗೆ ಮಾತ್ರ ತಡೆಯಲಾಗಲಿಲ್ಲ. "ಇನ್ನು ಇವನ ಕೈಗೆ ನಾನು ಉದುರಲ್ಲ," ಎಂದು ಬೆರಳುಗಳನ್ನು ಮಡಚಿ ಮುಷ್ಟಿ ಬಿಗಿಯಿತು. ದಿಬ್ಬದ ತೆನೆಗಳೆಲ್ಲ ಮುಷ್ಟಿ ಬಿಗಿದವು. ಕಾಳು ಒಳಗೆ ಸಿಕ್ಕಿಕೊಂಡಿತು.

ದ್ಯಾವಣ್ಣ ಉಪವಾಸ ಬಿದ್ದನೇ? ಇಲ್ಲ. ಕೊಯ್ಯಲು ಅವನಿಗೆ ಆಳುಗಳಿದ್ದರು, ಬಡಿಯಲು ಆಳುಗಳಿದ್ದರು. ಹೊರಗಿನ ಸಾಲು ಮಾತ್ರ ಇನ್ನಷ್ಟು ಉದ್ದವಾಯಿತು. ಹಿಡಿ ಕಾಳಿನ ಬದಲು ಅವನು ಹಿಡಿ ತೆನೆ ಎಸೆದು, "ಬಡಿದುಕೊಂಡು ತಿನ್ನಿ," ಅನ್ನತೊಡಗಿದ.

ಈರಕ್ಕ ಬೇಲಿಯ ಹತ್ತಿರ ಬಂದು ನಿಂತಳು.

"ರಾಗಿತಾಯಿ, ನಿನಗೆ ಸಿಟ್ಟು ಬಂದದ್ದು ಸರಿ. ಆದ್ರೆ ಮುಷ್ಟಿ ಬಿಗಿದದ್ದು ಯಾರ ಮೇಲೆ? ಅವನ ಕಣಜ ತುಂಬೇ ಐತೆ. ಈ ಕೂಸಿಗೆ ಗಂಜಿ ಕಾಯಿಸಬೇಕಾದ್ರೆ ನಾನು ಬೆಳಗಿಂದ ಬಡೀಬೇಕು. ತೋಳಲ್ಲಿ ಶಕ್ತಿ ಎಲ್ಲೈತೆ?"

ರಾಗಿ ನಾಚಿತು. ಬೆರಳು ಬಿಚ್ಚಲು ನೋಡಿತು. ಆದರೆ ಬೆರಳುಗಳು ಆಗಲೇ ಸೆಟೆದುಹೋಗಿದ್ದವು. ಎಲ್ಲೋ ಕೆಲವು ತೆನೆಗಳು ಅರ್ಧ ಬಿಚ್ಚಿದವು, ಅಷ್ಟೇ.

ಸುಗ್ಗಿಯಲ್ಲಿ ಹೊಲದ ಬದುವಿನ ಮೇಲೆ ಹೋಗುವಾಗ ನೋಡು ಮಗಾ, ರಾಗಿ ತೆನೆಗಳು ಇವತ್ತಿಗೂ ಬೆರಳು ಮಡಚಿಕೊಂಡೇ ನಿಂತಿರುತ್ತವೆ, ಅವನ್ನು ಬಡಿದು ಕಾಳು ಬಿಡಿಸುವವರ ಅಂಗೈಯಲ್ಲಿ ಇವತ್ತಿಗೂ ಬೊಬ್ಬೆ ಏಳುತ್ತದೆ.