ಎರಡು ಫೋಲ್ಡರುಗಳ ಅಚ್ಚುಕಟ್ಟುತನ

ಅಜ್ಜಿ ನಕ್ಕಿದ್ದ ಒಂದೇ ಒಂದು ಫೋಟೋವನ್ನು ವಾರಿಜಾ ಕಂಪ್ಯೂಟರಿನ 'ಅಜ್ಜಿ' ಫೋಲ್ಡರಿನಲ್ಲೂ 'ಮದುವೆ' ಫೋಲ್ಡರಿನಲ್ಲೂ ಇಟ್ಟಿದ್ದಳು. ಜಾಗ ಸಾಲದೆಂದು ಕಂಪ್ಯೂಟರು ಗೊಣಗಿದ ದಿನ ಮದುವೆ ಫೋಲ್ಡರು, "ಇವರು ಹೇಗೂ ಅಜ್ಜಿ ಫೋಲ್ಡರಿನಲ್ಲಿದ್ದಾರಲ್ಲ" ಎಂದು ತನ್ನ ಪ್ರತಿಯನ್ನು ಕಸದ ಬುಟ್ಟಿಗೆ ಹಾಕಿತು. ಅಜ್ಜಿ ಫೋಲ್ಡರು, "ರೇಷ್ಮೆ ಸೀರೆ ಉಟ್ಟಿದ್ದಾರೆ, ಇದು ಮದುವೆಯ ಬಾಬತ್ತು" ಎಂದು ತನ್ನದನ್ನೂ ಹಾಕಿತು.

"ಸ್ವಾಮಿ, ನೀವಿಬ್ಬರೂ ಒಮ್ಮೆ ಮಾತಾಡಿಕೊಳ್ಳಿ," ಎಂದಿತು ಬುಟ್ಟಿ.

"ಪಕ್ಕದವರ ಫೋಲ್ಡರಿನೊಳಗೆ ಇಣುಕುವುದು ಮರ್ಯಾದಸ್ಥರ ಲಕ್ಷಣವಲ್ಲ," ಎಂದವು ಎರಡೂ.

ವಾರಿಜಾ ಎಂದಿನಂತೆ ಬುಟ್ಟಿ ಖಾಲಿ ಮಾಡಿದಳು.

ಅಜ್ಜಿ ತೀರಿಕೊಂಡ ಮೇಲೆ, ಫ್ರೇಮು ಹಾಕಿಸಲು ಆ ನಗುವನ್ನು ಹುಡುಕುತ್ತ ಅವಳು ಬಂದಳು. ಫೋಲ್ಡರುಗಳೆರಡೂ ಎದೆಯುಬ್ಬಿಸಿ ಒಟ್ಟಿಗೇ ಹೇಳಿದವು: "ಗಾಬರಿಯಾಗಬೇಡಿ ಅಮ್ಮ, ಪಕ್ಕದಲ್ಲಿ ಭದ್ರವಾಗಿದೆ."