ಬಸವನಹುಳುವಿನ ಅಭಿಪ್ರಾಯ

ಪ್ರಾಣಿಗಳು ತಮ್ಮ ನಗರಕ್ಕೆ ಹೊಸ ಯೋಜನೆ ರೂಪಿಸಲು ಹೊರಟಾಗ, ನಿವಾಸಿಗಳ ಅಭಿಪ್ರಾಯ ಕೇಳುವ ಹೊಣೆ ಕಾಗೆಯ ಮೇಲೆ ಬಿತ್ತು. ಅದು ಬೇವಿನ ಮರದಲ್ಲಿ ಸಭೆ ಕರೆಯಿತು. ಸಭೆ ಮುಗಿದು ಮೂರು ದಿನವಾದ ಮೇಲೆ ಬಸವನಹುಳು ಏದುಸಿರು ಬಿಡುತ್ತ ಅಲ್ಲಿಗೆ ಬಂದಿತು.

“ನೀನು ಬಂದದ್ದು ತಡವಾಯಿತು,” ಎಂದಿತು ಕಾಗೆ. “ರಸ್ತೆಗೆ ದುರಸ್ತಿ ಬೇಡವೆಂದು ಎಲ್ಲರೂ ಒಪ್ಪಿ ಹೋದರು.”

“ಎಲ್ಲರೂ ಎಂದರೆ ಯಾರು, ಸ್ವಾಮಿ?”

“ಗಿಳಿ, ಗೊರವಂಕ, ಪಾರಿವಾಳ.”

“ಅವರು ಹೇಗೆ ಬಂದಿದ್ದರು?”

“ಹಾರಿಕೊಂಡು.”

“ನಾನು ರಸ್ತೆಯಲ್ಲೇ ಬಂದೆ. ಹನ್ನೊಂದು ಗುಂಡಿಗೆ ಇಳಿದು ಹತ್ತಿದೆ. ತಾವೂ ನನ್ನ ಜೊತೆ ನಾಲ್ಕು ಹೆಜ್ಜೆ ಬನ್ನಿ.”

ಕಾಗೆ ನಕ್ಕು, ರೆಕ್ಕೆ ಮಡಚಿ, ಗತ್ತಿನಿಂದ ರಸ್ತೆಗಿಳಿಯಿತು. ಮೂರನೆಯ ಹೆಜ್ಜೆಗೆ ಗುಂಡಿಗೆ ಬಿದ್ದು ಕುತ್ತಿಗೆಯವರೆಗೆ ಕೆಸರಲ್ಲಿ ಹೂತುಕೊಂಡಿತು.

ಬಸವನಹುಳು ಅಂಚಿನಿಂದ ಇಣುಕಿತು.

“ತಮ್ಮ ಅಭಿಪ್ರಾಯ ನಿಧಾನವಾಗಿಯೇ ಹೇಳಿ,” ಎಂದಿತು ಕಾಗೆ. “ನನಗೀಗ ಏನೂ ಅವಸರವಿಲ್ಲ.”