ಹೆಬ್ಬೆರಳಿನ ಎಂಟು ಸ್ಪೇಸು

“ಗುರುಗಳೇ, ದುಡಿಯದೆ ಬಂದ ಸಂತೋಷವನ್ನು ನಂಬಬಹುದೆ?” ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಾರಣವಿಲ್ಲದೆ ಅವನ ಮನಸ್ಸು ಹಿಗ್ಗುತ್ತಿತ್ತಂತೆ. ಅದು ತನ್ನ ಸಂಪಾದನೆಯಲ್ಲವೆಂದು ಅವನು ಅದನ್ನು ಗದರಿ ಓಡಿಸುತ್ತಿದ್ದ. ಆಮೇಲೆ ಮೂರು ಗಂಟೆ ಜಪಕ್ಕೆ ಕೂರುತ್ತಿದ್ದ. ಜಪದ ಕೊನೆಗೆ ಬಂದ ಸಂತೋಷವನ್ನು ಮಾತ್ರ ತನ್ನದೆಂದು ಇಟ್ಟುಕೊಳ್ಳುತ್ತಿದ್ದ. ಹನ್ನೆರಡು ವರ್ಷ ಹೀಗೇ ಕಳೆದಿತ್ತು. ಈಚೆಗೆ ತುಂಬ ದಣಿವಾಗುತ್ತಿದೆ ಎಂದ.

ಗುರುಗಳಿಗೆ ನಗು ಬಂತು. ನಕ್ಕು ಮುಗಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆರಳಚ್ಚುಗಾರ್ತಿ ಇದ್ದಳು. ಮೂವತ್ತು ವರ್ಷ ಕಚೇರಿಯಲ್ಲಿ ಟೈಪ್‌ರೈಟರ್ ಕುಟ್ಟಿ, ಈಗ ಕಂಪ್ಯೂಟರ್ ಇಟ್ಟ ಅಕ್ಷರ ಜೋಡಣೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಸಾಲಿನ ಮುಂದೆ ಎಂಟು ಸ್ಪೇಸು ಬಿಡಬೇಕೆಂದರೆ ಅವಳ ಹೆಬ್ಬೆರಳು ಎಂಟೇ ಸಲ ಒತ್ತುತ್ತಿತ್ತು, ಏಳೂ ಇಲ್ಲ, ಒಂಬತ್ತೂ ಇಲ್ಲ. ಅವಳಿಗೆ ಆ ಹೆಬ್ಬೆರಳಿನ ಮೇಲೆ ಬಲು ಹೆಮ್ಮೆ.

ಅಂಗಡಿಗೆ ಒಬ್ಬ ಮುದುಕಿ ಬಂದಳು. ಅವಳಿಗೆ ಓದುಬರಹ ಬಾರದು, ಆದರೆ ಇನ್ನೂರು ಸೋಬಾನೆ ಪದ ಬಾಯಿಗೆ ಬರುತ್ತಿತ್ತು. ಗಂಟಲು ಸೋಲುತ್ತಿತ್ತು. ಇಪ್ಪತ್ತು ದಿನಕ್ಕೆ ಮೊಮ್ಮಗಳ ಮದುವೆ. ಅಷ್ಟರಲ್ಲಿ ಪದಗಳೆಲ್ಲ ಪುಸ್ತಕವಾದರೆ ಹುಡುಗಿಯರು ನೋಡಿಕೊಂಡು ಹಾಡುತ್ತಾರೆ. ಇಲ್ಲವಾದರೆ ಅವು ಅವಳ ಗಂಟಲಿನ ಜೊತೆಗೇ ಹೋಗುತ್ತವೆ.

ಮುದುಕಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಬೆರಳಚ್ಚುಗಾರ್ತಿ ಪದದ ಮೊದಲ ಸಾಲನ್ನು ಅಂಚಿನಿಂದ ಹೊಡೆದು, ಎರಡನೆಯದನ್ನು ಎಂಟು ಸ್ಪೇಸು ಒಳಕ್ಕೆ ತಳ್ಳುತ್ತಿದ್ದಳು. ಆಮೇಲೆ ಎಂಟರ್ ಒತ್ತಿದರೆ ಮೂರನೆಯ ಸಾಲು ತಾನಾಗಿಯೇ ಎಂಟು ಸ್ಪೇಸು ಒಳಗೆ ನಿಲ್ಲುತ್ತಿತ್ತು. ಅವಳು ಆ ಎಂಟನ್ನೂ ಅಳಿಸುತ್ತಿದ್ದಳು. ಅಳಿಸಿ, ಹೆಬ್ಬೆರಳಿನಿಂದ ಎಂಟು ಸ್ಪೇಸು ಹಾಕುತ್ತಿದ್ದಳು. ಪ್ರತಿ ಸಾಲಿಗೂ ಇದೇ ಪಾಡು. ಅಂಗಡಿಯವನು ಬೇಡವೆಂದು ಹೇಳಿ ನೋಡಿದ. ಅವಳು ಎರಡು ದಿನ ಅವನೊಡನೆ ಮಾತು ಬಿಟ್ಟಳು. ಹತ್ತು ದಿನ ಕಳೆದರೂ ಅರವತ್ತು ಪದ ದಾಟಲಿಲ್ಲ.

ಮುದುಕಿಗೆ ಅಕ್ಷರ ತಿಳಿಯದ ಕಾರಣ ಅವಳ ಕಣ್ಣು ಪರದೆಯ ಮೇಲೆ ಮಿಣುಕುವ ಗೆರೆಯ ಮೇಲೇ ಇತ್ತು. ಹನ್ನೊಂದನೆಯ ದಿನ ಅವಳು ತಡೆಯಲಾರದೆ ಕೇಳಿದಳು.

“ಯಾಕೆ ತಾಯಿ, ಆ ಗೆರೇನ ಹಿಂದಕ್ಕೆ ಎಳೆದು, ಮತ್ತೆ ಇದ್ದ ಜಾಗಕ್ಕೇ ತಂದು ನಿಲ್ಲಿಸ್ತೀಯ?”

“ಮೊದಲು ನಿಂತಿದ್ದು ಯಂತ್ರ ಬಿಟ್ಟ ಜಾಗ ಅಜ್ಜಿ. ನಾನು ಬಿಟ್ಟಿದ್ದಲ್ಲ.”

“ಮೇಲಿನ ಸಾಲಿಗೆ ಯಾರು ಬಿಟ್ಟರು?”

“ನಾನೇ.”

“ಹಂಗಾದರೆ ನೀನು ಬಿಟ್ಟಿದ್ದನ್ನೇ ಅದು ನೆನಪಿಟ್ಟುಕೊಂಡದೆ. ಅಳಿಸ್ತಾ ಇರೋದು ನಿನ್ನದನ್ನೇ ಕಣವ್ವ.”

ಬೆರಳಚ್ಚುಗಾರ್ತಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಗಡಿಯವನನ್ನು ತಾನೇ ಕರೆದು, ಇನ್ನೇನಾದರೂ ಇದ್ದರೆ ಅದನ್ನೂ ಹೇಳಿಕೊಡು ಎಂದಳು. ಆ ಅಂಗಡಿಯ ತಂತ್ರಾಂಶದಲ್ಲಿ ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ, ಗೆರೆ ಸಾಲಿನ ನಡುವೆ ಎಲ್ಲೇ ಇದ್ದರೂ ಕೆಳಗೆ ಹೊಸ ಸಾಲು ತೆರೆದುಕೊಳ್ಳುತ್ತದೆ ಎಂದು ಅವನು ತೋರಿಸಿದ. ಮುದುಕಿ ನಡುವೆ ಹೇಳಲು ಮರೆತ ಸಾಲೊಂದನ್ನು ನೆನೆದಾಗಲೆಲ್ಲ ಅದು ಕೂಡಲೇ ತನ್ನ ಜಾಗಕ್ಕೆ ಹೋಗಿ ಕೂರತೊಡಗಿತು.

ಇನ್ನೂರು ಪದ ಮುಗಿದಾಗ ಇನ್ನೂ ಎರಡು ದಿನ ಉಳಿದಿತ್ತು. ಆ ಬಿಡುವಿನಲ್ಲಿ ಮುದುಕಿಗೆ ಎಂದೋ ಮರೆತಿದ್ದ ಹನ್ನೊಂದು ಪದ ನೆನಪಾದವು. ಅವೂ ಪುಸ್ತಕಕ್ಕೆ ಸೇರಿದವು. ಮದುವೆಯ ದಿನ ಹುಡುಗಿಯರು ಹಾಡಿದರು, ಮುದುಕಿ ಕೂತು ಕೇಳಿದಳು. ಬೆರಳಚ್ಚುಗಾರ್ತಿ ಎರಡು ಸಲ ಹೋಳಿಗೆ ಹಾಕಿಸಿಕೊಂಡಳು.

ಕತೆ ಕೇಳಿ ಚನ್ನಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನು ದುಡಿದದ್ದನ್ನು ತಾನೇ ಅಳಿಸುತ್ತ ಹತ್ತು ದಿನ ಕಳೆದಳಲ್ಲ, ಇಂಥ ಪೆದ್ದಿಯೂ ಇರುತ್ತಾಳೆಯೇ ಎಂದ. ಅವನ ನಗು ಮುಗಿಯುವವರೆಗೆ ಗುರುಗಳು ಕಾದರು.

“ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟಾಗ ನೀನು ಎಷ್ಟು ಅಳಿಸಿದೆ, ಚನ್ನಮಲ್ಲ?”